ನಮ್ಮ ಫೋನಿನಲ್ಲಿ ಇರುವುದು ನಮ್ಮ ಗುಟ್ಟು ಮಾತ್ರವೇ? ಸ್ಮಾರ್ಟ್‌ಫೋನ್ ಮತ್ತು ಖಾಸಗಿತನದ ಬಗ್ಗೆ ಕೊಡಗಿನವರ ಚರ್ಚೆ

ಮಕ್ಕಂದೂರು, ಹೋಂಸ್ಟೇ ನಡೆಸುವವಳು

ಎಲ್ಲರಿಗೂ ನಮಸ್ಕಾರ. ಮಕ್ಕಂದೂರಿನ ಹತ್ತಿರ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ನಡೆಸುತ್ತಿದ್ದೇನೆ. ಕಳೆದ ವಾರ ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮಲ್ಲಿ ಉಳಿದುಕೊಂಡಿದ್ದ ಮೈಸೂರಿನ ದಂಪತಿ ಮತ್ತೆ ಬರುವವರಿದ್ದರು. ವಾಡಿಕೆಯಂತೆ, ಆಧಾರ್ ಕಾರ್ಡಿನ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಎಂದೆ. "ಹೋದ ಸಲ ಕಳಿಸಿದ್ದೆವಲ್ಲ, ಅದು ಏನಾಯಿತು?" ಎಂದು ಆ ತಾಯಿ ಕೇಳಿದರು. ಅವರ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ, ಆದರೆ ನನ್ನ ಬಳಿ ಉತ್ತರವೂ ಇರಲಿಲ್ಲ. ರಾತ್ರಿ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಫೋನಿನ ಗ್ಯಾಲರಿ ತೆರೆದೆ. ಕಾಫಿ ಹೂವಿನ ಚಿತ್ರ, ನಮ್ಮ ಅಕ್ಕಿ ಕಡುಬು ಕಡಂಬುಟ್ಟಿನ ಚಿತ್ರ, ಯಾರೋ ಕಳಿಸಿದ ಶುಭೋದಯದ ಚಿತ್ರ, ಇವುಗಳ ನಡುನಡುವೆ ಗುರುತಿನ ಚೀಟಿಗಳು. ಎಣಿಸುತ್ತಾ ಹೋದೆ, ನಾನೂರು ದಾಟಿತು. ಹೆಚ್ಚಿನವರು ಎರಡೂ ಬದಿಯ ಫೋಟೋ ಕಳಿಸಿದ್ದರು: ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, 12 ಅಂಕಿಯ ಸಂಖ್ಯೆ. ಹನಿಮೂನಿಗೆ ಬಂದವರದ್ದು, ಮನೆಯವರಿಗೆ ಹೇಳದೆ ಬಂದಿದ್ದವರದ್ದು, ಮಗುವಿನ ಕಾರ್ಡು, ಎಂಬತ್ತರ ಅಜ್ಜಿಯ ಕಾರ್ಡು.

ಇಷ್ಟೇ ಆಗಿದ್ದರೆ ಕುಳಿತಲ್ಲೇ ಅಳಿಸಿ ಏಳುತ್ತಿದ್ದೆ. ಆದರೆ ಹೊಸ ಫೋನ್ ಕೊಂಡಾಗ, ವಾಟ್ಸ್‌ಆ್ಯಪ್ ಚಿತ್ರಗಳ ಫೋಲ್ಡರನ್ನೂ ಬ್ಯಾಕಪ್ ಮಾಡಬೇಕೇ, ಅಂದರೆ ನನ್ನ ಆನ್‌ಲೈನ್ ಖಾತೆಗೂ ನಕಲಿಸಿಡಬೇಕೇ ಎಂದು ಫೋಟೋಸ್ ಆ್ಯಪ್ ಕೇಳಿತ್ತು, ನಾನು ಹೌದು ಎಂದು ಒತ್ತಿದ್ದೆ. ಮಗಳ ಟ್ಯಾಬ್ ನಡೆಯುವುದು ನನ್ನ ಖಾತೆಯಲ್ಲಿ. ಅತಿಥಿಗಳು ಕೂರುವ ಹಜಾರದ ಟಿವಿಗೂ ಅದೇ ಖಾತೆ, ಸುಮ್ಮನಿದ್ದಾಗ ಮನೆಯ ಫೋಟೋಗಳು ಒಂದೊಂದಾಗಿ ಬರುವಂತೆ ಅದನ್ನು ಮಗಳೇ ಹೊಂದಿಸಿಟ್ಟಿದ್ದಳು. ಅವಳು ಆರಿಸಿಕೊಟ್ಟ ಆಲ್ಬಮ್ ಮಾತ್ರ ಅಲ್ಲಿ ಬರುತ್ತಿತ್ತೆಂದು ನೋಡಿ ಖಚಿತಪಡಿಸಿಕೊಂಡೆ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಫೋನಿನಲ್ಲಿ ಖಾಸಗಿತನ ಇದೆಯೇ ಎಂದು ಯಾರಾದರೂ ಕೇಳಿದರೆ ನಾವು ನಮ್ಮ ಮೆಸೇಜು, ನಮ್ಮ ಬ್ಯಾಂಕು, ನಮ್ಮ ಫೋಟೋ ಎಂದು ಯೋಚಿಸುತ್ತೇವೆ. ನನ್ನ ಫೋನಿನಲ್ಲಿರುವ ಗುಟ್ಟುಗಳಲ್ಲಿ ಹೆಚ್ಚಿನವು ನನ್ನವಲ್ಲ ಎಂಬುದು ನನಗೆ ಹೊಳೆದದ್ದು ಆವತ್ತೇ. ಫೋನ್ ನಿಜವಾಗಿ ಯಾವುದನ್ನು ಕಾಪಾಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಗೋಣಿಕೊಪ್ಪಲು, ಮೊಬೈಲ್ ರಿಪೇರಿ ಅಂಗಡಿಯವನು

ಅಕ್ಕ, ಹದಿನಾಲ್ಕು ವರ್ಷದಿಂದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟುಕೊಂಡಿದ್ದೇನೆ. ನೀವು ಹೇಳಿದಂಥ ಗ್ಯಾಲರಿಗಳನ್ನು ದಿನವೂ ನೋಡುತ್ತೇನೆ. ನೋಡಬಾರದು, ಆದರೂ ಕಣ್ಣಿಗೆ ಬೀಳುತ್ತವೆ.

ಮೊದಲು ಫೋನಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಈಗಿನ ಫೋನ್‌ಗಳ ಒಳಗಿನ ಮಾಹಿತಿಯೆಲ್ಲ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ಅಂದರೆ ಪಿನ್ ಗೊತ್ತಿಲ್ಲದವನಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಎಲ್ಲ ಫೋನ್‌ಗಳಿಗೂ ಇದು ಕಡ್ಡಾಯವಾಯಿತು. ಸಂತೆಯಲ್ಲಿ ಜೇಬಿನಿಂದ ಕದ್ದ ಫೋನಿಗೆ ಬೀಗ ಬಿದ್ದಿದ್ದರೆ ಒಳಗಿನದನ್ನು ತೆಗೆಯುವುದು ನನ್ನಂಥ ರಿಪೇರಿಯವನ ಕೈಯಲ್ಲಂತೂ ಆಗುವುದಿಲ್ಲ. ಹಿಂದೆ ಹಾಗಿರಲಿಲ್ಲ, ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಎಲ್ಲವೂ ಕಣ್ಣೆದುರು ತೆರೆದುಕೊಳ್ಳುತ್ತಿತ್ತು.

ಆದರೆ ಬೀಗದ ಕೀಲಿಯನ್ನು ನಾವೇ ಕೊಟ್ಟುಬಿಡುತ್ತೇವೆ. ಒಡೆದ ಗಾಜು ಬದಲಿಸಲು ಪಿನ್ ಬೇಕಾಗಿಲ್ಲ, ಬದಲಿಸಿದ ಮೇಲೆ ಗಿರಾಕಿ ಎದುರಿಗೇ ತೆರೆದು ನೋಡಿದರೆ ಸಾಕು. ಆದರೂ ನಮ್ಮ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ನಾನು ಕೇಳುವ ಮೊದಲೇ ಪಿನ್ ಹೇಳುತ್ತಾರೆ, ಕೆಲವರು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಅಂಟಿಸಿಕೊಟ್ಟು ಹೋಗುತ್ತಾರೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ರಿಪೇರಿಗೆ ಕೊಡುವಾಗ ನಮ್ಮ ಫೋಟೋ, ಮೆಸೇಜುಗಳನ್ನು ಮುಚ್ಚಿಟ್ಟು ಕೊಡುವ ಮೇಂಟೆನೆನ್ಸ್ ಮೋಡ್ ಇದೆ. ಅದನ್ನು ಹಾಕಿಕೊಂಡು ಬಂದ ಗಿರಾಕಿಗಳನ್ನು ಕೈಬೆರಳಲ್ಲಿ ಎಣಿಸಬಹುದು.

ನಿಮ್ಮ ಫೋನಿನಲ್ಲಿರುವುದು ಬೇರೆಯವರ ಗುಟ್ಟು ಎಂದಿರಲ್ಲ, ಅದಕ್ಕೊಂದು ಉದಾಹರಣೆ ನನ್ನ ಅನುಭವದಲ್ಲೇ ಇದೆ. ಎರಡು ವರ್ಷದ ಹಿಂದೆ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ನನಗೆ ಪರಿಚಯವಿದ್ದ ಆಟೋ ಹುಡುಗನೊಬ್ಬನ ಫೋಟೋ, ಕೆಳಗೆ ಅವನು ಕಳ್ಳನೆಂದು ಕೆಟ್ಟ ಭಾಷೆಯಲ್ಲಿ ಬರೆದ ನಾಲ್ಕು ಸಾಲು. ಅವನು ಯಾವುದೋ ಸಾಲದ ಆ್ಯಪ್‌ನಿಂದ ಆರು ಸಾವಿರ ರೂಪಾಯಿ ಪಡೆದಿದ್ದನಂತೆ, ಕಂತು ತಪ್ಪಿತ್ತು. ಆ ಆ್ಯಪ್ ಮೊದಲ ದಿನವೇ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿತ್ತು, ಅವನು ಕೊಟ್ಟಿದ್ದ. ಅವನ ಅತ್ತೆಗೆ, ಚರ್ಚಿನ ಪಾದ್ರಿಗಳಿಗೆ, ಮಗಳ ಟೀಚರಿಗೆ, "ಮೊಬೈಲ್ ರಿಪೇರಿ ಅಣ್ಣ" ಎಂದು ಸೇವ್ ಆಗಿದ್ದ ನನಗೆ, ಎಲ್ಲರಿಗೂ ಅದೇ ಮೆಸೇಜ್. ನಾನು ಆ ಆ್ಯಪ್ ಅನ್ನು ಕಣ್ಣಲ್ಲೂ ಕಂಡಿರಲಿಲ್ಲ, ಯಾವ ಅನುಮತಿಯನ್ನೂ ಕೊಟ್ಟಿರಲಿಲ್ಲ, ಆದರೂ ನನ್ನ ನಂಬರು ಅವರ ಕೈಯಲ್ಲಿತ್ತು. ಹುಡುಗ ಅಂಗಡಿಯ ಕೌಂಟರಿಗೆ ಹಣೆ ಇಟ್ಟು ಅತ್ತದ್ದು ಈಗಲೂ ಕಣ್ಣ ಮುಂದಿದೆ. ಇಂಥ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಪಟ್ಟಿ, ಗ್ಯಾಲರಿ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದರೆ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೇ ಸಿಗದ ಆ್ಯಪ್‌ಗಳು ಅದನ್ನು ಪಾಲಿಸುತ್ತವೆ ಎಂದು ನಂಬಿ ಕೂರುವ ಹಾಗಿಲ್ಲ.

ಸುಂಟಿಕೊಪ್ಪ, ಕಾಫಿ ಬೆಳೆಗಾರ

ಮೇಲೆ ಬರೆದ ಇಬ್ಬರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಯ ರಸ್ತೆಗಳು ಹೋಗಿ, ಜನ ಅಲ್ಲಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ನಾವು ಕೆಲವರು ಇಲ್ಲಿಂದ ಹೊರಟಿದ್ದೆವು. ಯಾರು ಎಲ್ಲಿದ್ದಾರೆಂಬುದು ನಮಗೆ ತಿಳಿಯುತ್ತಿದ್ದದ್ದು ಫೋನಿನಲ್ಲಿ ಬರುತ್ತಿದ್ದ ಲೊಕೇಶನ್‌ನಿಂದ. ಬ್ಯಾಟರಿ ಮುಗಿಯುವ ಮುನ್ನ ಒಬ್ಬರು ಕಳಿಸಿದ ಒಂದೇ ಒಂದು ಗುರುತಿನಿಂದ ಐದು ಜನರಿರುವ ಮನೆಗೆ ದಾರಿ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಆವತ್ತು ಖಾಸಗಿತನದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಈಗಲೂ ಆನೆ ಯಾವ ತೋಟದಲ್ಲಿದೆ ಎಂಬುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಮೇಲೆಯೇ ನಮ್ಮ ಕೆಲಸದವರು ತಾವಿರುವ ಲೈನ್ ಮನೆಯಿಂದ ಹೊರಡುತ್ತಾರೆ.

ಇನ್ನೊಂದು ಮಾತು. ಹಳ್ಳಿಯಲ್ಲಿ ಯಾರ ಮನೆಗೆ ಯಾರು ಬಂದರು, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು ಎಂಬುದು ಫೋನ್ ಇಲ್ಲದ ಕಾಲದಲ್ಲೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಬಚ್ಚಿಡಬೇಕಾದದ್ದು ಏನೂ ಇಲ್ಲ. ಯಾವುದೋ ದೇಶದ ಕಂಪನಿಗೆ ನಾನು ಯಾವ ಗೊಬ್ಬರ ಕೊಂಡೆನೆಂದು ತಿಳಿದರೆ ನನಗೇನು ನಷ್ಟ?

ಮಕ್ಕಂದೂರು, ಹೋಂಸ್ಟೇ ನಡೆಸುವವಳು

ಅಣ್ಣ, ಆ ಆಗಸ್ಟ್‌ನಲ್ಲಿ ನಾವು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು. ನಮಗಾಗಿ ಹೊರಟುಬಂದ ನಿಮ್ಮಂಥವರ ಋಣ ನಮ್ಮ ಮೇಲಿದೆ, ಅದನ್ನು ಮರೆತು ಈ ಮಾತು ಆಡುತ್ತಿಲ್ಲ.

ಆದರೆ ಅದೇ ದಿನಗಳ ಇನ್ನೊಂದು ಸಂಗತಿಯೂ ಇದೆ. ಕೇಂದ್ರದಲ್ಲಿದ್ದವರ ಹೆಸರು, ವಯಸ್ಸು, ಊರು, ಫೋನ್ ನಂಬರ್ ಬರೆದ ಒಂದು ಹಾಳೆಯ ಫೋಟೋವನ್ನು, ನಾವು ಬದುಕಿದ್ದೇವೆಂದು ನೆಂಟರಿಗೆ ತಿಳಿಯಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಗುಂಪಿಗೆ ಹಾಕಿದರು. ಆಮೇಲೆ ನೆರವು ಕಳಿಸುವವರಿಗೆ ಅನುಕೂಲವಾಗಲಿ ಎಂದು ಬ್ಯಾಂಕ್ ಖಾತೆಯ ಸಂಖ್ಯೆಗಳೂ ಅದಕ್ಕೆ ಸೇರಿದವು. ಮಳೆ ನಿಂತಿತು, ನಾವು ಮನೆಗೆ ಮರಳಿದೆವು, ಆದರೆ ಆ ಹಾಳೆ ಮರಳಲಿಲ್ಲ. ಮರುವರ್ಷ ಬೇಸಿಗೆಯವರೆಗೂ ನನಗೆ ಗುರುತಿಲ್ಲದ ನಂಬರುಗಳಿಂದ ಫೋನ್ ಬರುತ್ತಿತ್ತು: ಪರಿಹಾರದ ಹಣ ಬಂದಿದೆ, ಒಟಿಪಿ ಹೇಳಿ ಎಂದು. ಮನೆ ಕಳೆದುಕೊಂಡ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ನಂಬಿ ಹೇಳಿಬಿಟ್ಟರು. ಹೋದದ್ದು ಹನ್ನೊಂದು ಸಾವಿರ. ಆ ಹೊತ್ತಿನಲ್ಲಿ ಅವರ ಬಳಿ ಇದ್ದದ್ದೇ ಅಷ್ಟು.

ಪಕ್ಕದ ಮನೆಯವರಿಗೆ ನನ್ನ ವಿಷಯ ತಿಳಿದಿರುವುದು ಬೇರೆ. ಅವರ ವಿಷಯ ನನಗೂ ತಿಳಿದಿರುತ್ತದೆ, ನಾಳೆ ಬೆಳಿಗ್ಗೆ ಮುಖ ನೋಡಬೇಕಾಗುತ್ತದೆ, ಆ ಸಂಕೋಚವೇ ಒಂದು ಬೇಲಿ. ಕುತ್ತಿಗೆವರೆಗೆ ನೀರು ಬಂದಾಗ ಲೊಕೇಶನ್ ಕಳಿಸುವುದೂ ಬೇರೆ, ಅದು ನಾನಾಗಿ ಕಳಿಸಿದ್ದು, ನೀವು ಬಂದ ಮೇಲೆ ಅದರ ಕೆಲಸ ಮುಗಿಯಿತು. ಕೆಲಸ ಮುಗಿದ ಮೇಲೂ ಕೈಯಿಂದ ಕೈಗೆ ಹೋಗುತ್ತಲೇ ಇರುವ ಆ ಹಾಳೆಯ ಬಗ್ಗೆ ನನ್ನ ಚಿಂತೆ.

ಅಮ್ಮತ್ತಿ, ನಿವೃತ್ತ ಸೈನಿಕ (ಸಿಗ್ನಲ್ಸ್)

ಲೊಕೇಶನ್ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗುತ್ತಿವೆ, ಬಿಡಿಸಿ ಹೇಳಲು ಯತ್ನಿಸುತ್ತೇನೆ. ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ 22 ವರ್ಷ ಇದ್ದವನು.

ಫೋನಿನಲ್ಲಿ ಲೊಕೇಶನ್ ಆಫ್ ಮಾಡಿದರೆ ಆಫ್ ಆಗುವುದು ಆ್ಯಪ್‌ಗಳಿಗೆ ಸಿಗುವ ಲೊಕೇಶನ್. ಟವರಿಗೆ ನಿಮ್ಮ ಫೋನ್ ಎಲ್ಲಿದೆಯೆಂದು ತಿಳಿದೇ ಇರಬೇಕು, ಇಲ್ಲದಿದ್ದರೆ ನಿಮಗೆ ಬಂದ ಕರೆಯನ್ನು ಎಲ್ಲಿಗೆ ಕಳಿಸಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ. ಸಿಮ್ ಹಾಕಿ ಆನ್ ಮಾಡಿದ ಫೋನ್ ಎಂದೂ ಮೌನವಾಗಿರುವುದಿಲ್ಲ. ನಮ್ಮ ಗುಡ್ಡಗಾಡಿನಲ್ಲಿ ರೇಂಜ್ ಹುಡುಕುತ್ತಾ ಬ್ಯಾಟರಿ ಬೇಗ ಇಳಿಯುತ್ತದಲ್ಲ, ಅದು ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಟವರನ್ನು ಕೂಗುತ್ತಿರುವುದರ ಫಲ. ಹಳೆಯ ಜಿಎಸ್‌ಎಂ (2ಜಿ) ಮೊಬೈಲ್ ವ್ಯವಸ್ಥೆಯಲ್ಲೇ ಫೋನಿನಿಂದ ಟವರಿಗೆ ಸಂಕೇತ ತಲುಪಲು ತಗಲುವ ಸಮಯವನ್ನು ಸುಮಾರು 550 ಮೀಟರಿನ ಹಂತಗಳಲ್ಲಿ ಅಳೆಯಲಾಗುತ್ತಿತ್ತು. ಪೇಟೆಯಲ್ಲಿ ಟವರುಗಳು ಹತ್ತಿರ ಹತ್ತಿರ ಇರುವುದರಿಂದ ಸ್ಥಳ ಹೆಚ್ಚು ನಿಖರವಾಗಿ ಸಿಗುತ್ತದೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಒಂದೇ ಟವರ್ ಸಿಕ್ಕರೆ ಅಂದಾಜು ಅಗಲವಾಗುತ್ತದೆ, ಅಷ್ಟೇ ವ್ಯತ್ಯಾಸ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನಿಂದ ಎಂಬ ದಾಖಲೆಯನ್ನು ಕಂಪನಿಗಳು ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ನಿಯಮ ಬದಲಿಸಿತು, ಅದಕ್ಕೆ ಮೊದಲು ಒಂದು ವರ್ಷವಿತ್ತು. ಮಾತು ಏನೆಂಬುದು ಅದರಲ್ಲಿ ಇರುವುದಿಲ್ಲ, ಆದರೆ ಬದುಕು ಹೇಗೆಂಬುದು ಇರುತ್ತದೆ.

ಇದು ಅಪರಾಧಿಯನ್ನು ಹಿಡಿಯಲು, ಕಾಣೆಯಾದವರನ್ನು ಹುಡುಕಲು ಬೇಕು, ನಾನು ಅದನ್ನು ವಿರೋಧಿಸುವುದಿಲ್ಲ. ನನ್ನ ಚಿಂತೆ ಎರಡನೆಯ ಸಂಗತಿಯ ಬಗ್ಗೆ: ನಾವೇ ಹಾಕಿಕೊಂಡ ಆ್ಯಪ್‌ಗಳು. ಓಟ, ಸೈಕಲ್ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ಒಂದು ನಕ್ಷೆ ಪ್ರಕಟಿಸಿತು. ಹೆಸರು ಯಾರದ್ದೂ ಇರಲಿಲ್ಲ. ಆದರೆ 2018ರ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ಗಮನಿಸಿದ: ಅಫ್ಘಾನಿಸ್ತಾನ, ಸಿರಿಯಾದ ಕತ್ತಲ ಬಯಲಿನಲ್ಲಿ ಸೇನಾ ನೆಲೆಗಳ ಆಕಾರ ಬೆಳಕಿನ ಗೆರೆಯಾಗಿ ಮೂಡಿತ್ತು, ಸೈನಿಕರು ಬೇಲಿಯ ಒಳಗೆ ಬೆಳಿಗ್ಗೆ ಓಡುತ್ತಿದ್ದ ಸುತ್ತು. ಒಬ್ಬೊಬ್ಬನ ಓಟ ಯಾರಿಗೂ ಮುಖ್ಯವಲ್ಲ, ಎಲ್ಲ ಸೇರಿದಾಗ ಅದೇ ರಹಸ್ಯ. ನಮ್ಮ ಸೇನೆ 2020ರ ಜುಲೈನಲ್ಲಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯುವಂತೆ ತನ್ನವರಿಗೆ ಸೂಚಿಸಿತ್ತು.

ಕೊಡಗಿನಲ್ಲಿ ಮನೆಗೊಬ್ಬರಂತೆ ಸೇನೆಗೆ ಹೋದವರಿದ್ದಾರೆ. ರಜೆಗೆ ಬಂದ ಹುಡುಗರು ಯಾವ ರೈಲಿನಲ್ಲಿ, ಯಾವ ತಾರೀಖಿಗೆ, ಎಲ್ಲಿಗೆ ಮರಳುತ್ತಾರೆಂದು ತಾಯಂದಿರು ಫೋಟೋ ಸಮೇತ ಕುಟುಂಬದ ಗುಂಪಿನಲ್ಲಿ ಹಾಕುತ್ತಾರೆ. ಒಕ್ಕದ, ಅಂದರೆ ನಮ್ಮ ಮನೆತನದ ಗುಂಪು, ನಮ್ಮವರೇ, ನಿಜ. ಆದರೆ ಇನ್ನೂರು ಫೋನ್‌ಗಳಿವೆ, ಇನ್ನೂರು ಬ್ಯಾಕಪ್‌ಗಳಿವೆ.

ಪೊನ್ನಂಪೇಟೆ, ಅರಣ್ಯಶಾಸ್ತ್ರ ವಿದ್ಯಾರ್ಥಿನಿ

ಸರ್ ಹೇಳಿದ್ದಕ್ಕೆ ನನ್ನ ಓದಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಆನೆಯ ಕೊರಳಿಗೆ ರೇಡಿಯೋ ಕಾಲರ್ ಹಾಕಿದಾಗ ನಮಗೆ ಬರುವುದು ಕೆಲವು ಗಂಟೆಗಳಿಗೊಮ್ಮೆ ಒಂದು ಚುಕ್ಕೆ ಮಾತ್ರ. ಆದರೆ ಕೆಲವು ವಾರಗಳ ಚುಕ್ಕೆಗಳನ್ನು ನಕ್ಷೆಯ ಮೇಲೆ ಇಟ್ಟರೆ ಅದು ಎಲ್ಲಿ ಮಲಗುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಯಾವ ತೋಟದ ಹಲಸಿಗೆ ಯಾವ ರಾತ್ರಿ ಬರುತ್ತದೆ ಎಂಬುದೆಲ್ಲ ಕಾಣುತ್ತದೆ. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಸುಲಭ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ ಫೋನ್ ದಾಖಲೆಗಳನ್ನು ಹೆಸರಿಲ್ಲದೆ ಪರಿಶೀಲಿಸಲಾಯಿತು. ಇಂಥ ಹೊತ್ತಿನಲ್ಲಿ ಇಂಥ ಕಡೆ ಇದ್ದರು ಎಂಬ ನಾಲ್ಕು ಗುರುತುಗಳು ಸಿಕ್ಕರೆ ಶೇಕಡಾ 95ರಷ್ಟು ಜನರನ್ನು ಪ್ರತ್ಯೇಕಿಸಬಹುದೆಂದು ಕಂಡುಬಂತು. 2011ರ ಜನಗಣತಿಯಂತೆ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ ಐದೂವರೆ ಲಕ್ಷ. ರಾತ್ರಿ ಒಂದು ಒಂಟಿ ಮನೆಯ ಮೇಲೆ, ಬೆಳಿಗ್ಗೆ ಒಂದು ಶಾಲೆಯ ಮೇಲೆ ಬೀಳುವ ಎರಡು ಚುಕ್ಕೆ ಸಾಕು, ಅದು ಯಾವ ಟೀಚರ್ ಎಂದು ಊರಿನ ಮಕ್ಕಳೂ ಹೇಳುತ್ತಾರೆ.

ನನ್ನ ಗೆಳತಿಯರೆಲ್ಲ ಫೋನ್ ನಮ್ಮ ಮಾತನ್ನು ಕದ್ದು ಕೇಳುತ್ತದೆ ಎಂದೇ ನಂಬಿದ್ದಾರೆ. ರೇನ್‌ಕೋಟ್ ಬಗ್ಗೆ ಮಾತಾಡಿದರೆ ರೇನ್‌ಕೋಟಿನ ಜಾಹೀರಾತು ಬರುತ್ತದಂತೆ. ಅಮೆರಿಕದ ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ ಹೀಗೆ ಕದ್ದು ಮಾತು ದಾಖಲಿಸಿ ಕಳಿಸುವ ಆ್ಯಪ್ ಒಂದೂ ಸಿಗಲಿಲ್ಲ, ಬದಲಿಗೆ ಪರದೆಯ ಮೇಲೆ ನಡೆಯುವುದನ್ನು ದಾಖಲಿಸಿ ಹೊರಗೆ ಕಳಿಸುತ್ತಿದ್ದವು ಸಿಕ್ಕವು. ನನಗೆ ಇದು ಸಮಾಧಾನ ಕೊಡಲಿಲ್ಲ. ಜೂನ್ ತಿಂಗಳಲ್ಲಿ, ಕೊಡಗಿನಲ್ಲಿ, ಹುಡುಕಾಟದ ಇತಿಹಾಸ ಮತ್ತು ಅಕ್ಕಪಕ್ಕದಲ್ಲಿರುವ ಗೆಳತಿಯರ ಫೋನುಗಳು ಗೊತ್ತಿರುವ ಕಂಪನಿಗೆ ನನಗೆ ರೇನ್‌ಕೋಟ್ ಬೇಕೆಂದು ತಿಳಿಯಲು ನನ್ನ ಮಾತು ಕೇಳುವ ಅಗತ್ಯವೇ ಇಲ್ಲ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರೊಬ್ಬರು ಅಳೆದು ನೋಡಿದಾಗ, ಯಾರೂ ಮುಟ್ಟದೆ ಸುಮ್ಮನಿಟ್ಟ ಆಂಡ್ರಾಯ್ಡ್ ಫೋನ್ ಮತ್ತು ಐಫೋನ್ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ಕಂಪನಿಗೆ ಮಾಹಿತಿ ಕಳಿಸುತ್ತಿದ್ದವು.

ಬಟನ್ ಆಫ್ ಮಾಡಿದರೂ ಆಫ್ ಆಗದಿರುವುದಕ್ಕೆ ಗೂಗಲ್‌ನ ಪ್ರಕರಣವೇ ಸಾಕ್ಷಿ. ಲೊಕೇಶನ್ ಹಿಸ್ಟರಿ ನಿಲ್ಲಿಸಿದವರ ಸ್ಥಳವನ್ನೂ ಬೇರೊಂದು ಸೆಟ್ಟಿಂಗ್ ಮೂಲಕ ಅದು ದಾಖಲಿಸುತ್ತಿದೆ ಎಂಬುದು 2018ರಲ್ಲಿ ಹೊರಬಂತು, 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳೊಂದಿಗೆ 39 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತಕ್ಕೆ ರಾಜಿಯಾಯಿತು. ಆಫ್ ಮಾಡಬೇಕಾದ ಆ ಇನ್ನೊಂದು ಸೆಟ್ಟಿಂಗ್‌ನ ಹೆಸರು ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ, ಖಾತೆಯ ಡೇಟಾ ಮತ್ತು ಪ್ರೈವೆಸಿ ಎಂಬಲ್ಲಿ ಸಿಗುತ್ತದೆ.

ಮಡಿಕೇರಿ, ವಕೀಲೆ

ಕಾನೂನಿನ ಕಡೆಯಿಂದ ಕೇಳುವವರಿಗೆ ಉಪಯೋಗವಾಗುವಷ್ಟು ಬರೆಯುತ್ತೇನೆ.

ಬಚ್ಚಿಡುವುದು ಏನೂ ಇಲ್ಲ ಎಂಬ ಬೆಳೆಗಾರರ ಮಾತನ್ನು ಸರ್ಕಾರವೂ ನ್ಯಾಯಾಲಯದಲ್ಲಿ ಬೇರೆ ಬೇರೆ ರೂಪದಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂಬ ವಾದವೂ ನಡೆಯಿತು. ಅದಕ್ಕೆ ಉತ್ತರ ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಿಂದ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಖಾಸಗಿತನವೂ ಸೇರಿದೆ ಎಂದರು. ಫೋನ್ ಕದ್ದಾಲಿಕೆ ಎಷ್ಟು ಗಂಭೀರವೆಂದು ಕರ್ನಾಟಕದವರಿಗೆ ಹೇಳಬೇಕಾಗಿಲ್ಲ, 1988ರಲ್ಲಿ ಆ ಆರೋಪದ ಮೇಲೆಯೇ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆಗ ಕದ್ದಾಲಿಸಲು ಎಕ್ಸ್‌ಚೇಂಜಿನಲ್ಲಿ ತಂತಿ ಸೇರಿಸಬೇಕಿತ್ತು. 2021ರಲ್ಲಿ ಸುದ್ದಿಯಾದ ಪೆಗಾಸಸ್‌ನಂಥ ಗೂಢಚಾರಿಕೆ ತಂತ್ರಾಂಶ ಫೋನಿನೊಳಗೆ ಸೇರಲು ಫೋನಿನ ಮಾಲೀಕ ಏನನ್ನೂ ಒತ್ತಬೇಕಾಗಿಯೇ ಇಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, ಐದರಲ್ಲಿ ದುರುದ್ದೇಶದ ತಂತ್ರಾಂಶ ಇದ್ದುದನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಅಂಥ ದಾಳಿ ನಮ್ಮಂಥವರ ಮೇಲೆ ನಡೆಯುವ ಸಂಭವ ಕಡಿಮೆ, ಅದಕ್ಕೆ ಹೆದರಿ ಕೂರುವುದಕ್ಕಿಂತ ನಮ್ಮ ಕೈಯಲ್ಲಿರುವುದನ್ನು ಸರಿಪಡಿಸಿಕೊಳ್ಳುವುದು ಮೇಲು.

ಈಗ ಹೋಂಸ್ಟೇ ವಿಷಯಕ್ಕೆ ಬರುತ್ತೇನೆ. ಅತಿಥಿಗಳ ಗುರುತು ನೋಡಿ ದಾಖಲಿಸಬೇಕಾದದ್ದು ನಿಜ, ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಆದರೆ ಗುರುತು ನೋಡುವುದು ಬೇರೆ, ಕಾರ್ಡಿನ ಪೂರ್ತಿ ಫೋಟೋವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇರೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ 2022ರ ಮೇ 27ರಂದು, ಹೋಟೆಲುಗಳಂಥ ಪರವಾನಗಿಯಿಲ್ಲದ ಸಂಸ್ಥೆಗಳು ಆಧಾರ್ ಪ್ರತಿ ಪಡೆಯುವಂತಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಹೋಗಿಲ್ಲ, ಯಾರು ಬೇಕಾದರೂ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ವಾಹನ ಚಾಲನಾ ಪರವಾನಗಿ ತೋರಿಸಿದರೂ ಗುರುತು ಗುರುತೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಸ್ವಂತಕ್ಕೆ, ಮನೆಯ ಬಳಕೆಗೆ ನಾವು ಇಟ್ಟುಕೊಳ್ಳುವ ಫೋಟೋ, ನಂಬರುಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ವ್ಯವಹಾರಕ್ಕಾಗಿ ಸಂಗ್ರಹಿಸಿದ್ದು, ಅದು ನಾಲ್ಕು ಕೋಣೆಯ ಹೋಂಸ್ಟೇ ಆಗಲಿ, ಕಾಫಿ ತೋಟವಾಗಲಿ, ಇದರ ವ್ಯಾಪ್ತಿಗೆ ಬರುತ್ತದೆ. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದ ಹೊರತು, ಅಳಿಸಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಅಷ್ಟು ದಂಡ ನಮ್ಮ ಊರಿನವರಿಗೆ ಬೀಳುವುದಿಲ್ಲ, ಹೆದರಿಸಲು ಹೇಳುತ್ತಿಲ್ಲ. ಸರ್ಕಾರ ತಾನು ಅಧಿಸೂಚಿಸಿದ ಸಂಸ್ಥೆಗಳನ್ನು ಇದರಿಂದ ಹೊರಗಿಡಬಹುದೆಂಬ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಅದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸುಂಟಿಕೊಪ್ಪ, ಕಾಫಿ ಬೆಳೆಗಾರ

ತೋಟವೂ ವ್ಯಾಪ್ತಿಗೆ ಬರುತ್ತದೆ ಎಂದು ವಕೀಲರು ಬರೆದದ್ದನ್ನು ಓದಿ ಇವತ್ತು ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರನ್ನು ಕರೆದು ಫೋನ್ ತೋರಿಸಲು ಹೇಳಿದೆ. ಸಂಬಳ, ಪಿಎಫ್ ಕೆಲಸಕ್ಕೆಂದು ಲೈನ್ ಮನೆಯವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಅವನು ಫೋಟೋ ತೆಗೆದಿಟ್ಟುಕೊಂಡಿದ್ದಾನೆ. ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದು ಹೋದವರದ್ದು, ಅವರ ಹೆಂಡತಿ ಮಕ್ಕಳದ್ದು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರದ್ದು ಕೂಡ ಅದರಲ್ಲಿವೆ. ಫೋನಿಗೆ ಪಿನ್ ಇರಲಿಲ್ಲ, ಅವನ ಮಗ ಅದರಲ್ಲೇ ಆಟ ಆಡುತ್ತಾನೆ. ಹುಡುಗ ಹಾಕಿಕೊಂಡ ಯಾವುದೋ ಆಟದ ಆ್ಯಪ್‌ಗೆ ಫೋಟೋಗಳ ಅನುಮತಿಯೂ ಇತ್ತು.

ನನಗೆ ಬಚ್ಚಿಡುವುದು ಏನೂ ಇಲ್ಲ ಎಂದದ್ದನ್ನು ನನ್ನ ಮಟ್ಟಿಗೆ ಈಗಲೂ ಹೇಳುತ್ತೇನೆ, ಆಪತ್ತಿನಲ್ಲಿ ಲೊಕೇಶನ್ ಕೊಡುವುದೇ ಸರಿ ಎಂಬುದನ್ನೂ ಬಿಡುವುದಿಲ್ಲ. ಆದರೆ ಆ ಆಳುಗಳ ಪರವಾಗಿ ಹಾಗೆ ಹೇಳುವ ಅಧಿಕಾರ ನನಗಿಲ್ಲ. ಅವರು ನಮ್ಮನ್ನು ನಂಬಿ ಕಾರ್ಡು ಕೊಟ್ಟವರು, ಕೊಡುವುದಿಲ್ಲ ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಮೊದಲು ಏನು ಮಾಡಬೇಕೆಂದು ಅಂಗಡಿಯವರು ಹೇಳಿದರೆ ಉಪಕಾರವಾಗುತ್ತದೆ.

ಗೋಣಿಕೊಪ್ಪಲು, ಮೊಬೈಲ್ ರಿಪೇರಿ ಅಂಗಡಿಯವನು

ಸರ್, ಮೊದಲು ಫೋನಿಗೆ ಆರಂಕಿಯ ಪಿನ್ ಹಾಕಿಸಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಎಂಬಲ್ಲಿ ಪರ್ಮಿಷನ್ ಮ್ಯಾನೇಜರ್ ತೆರೆದರೆ ಯಾವ ಆ್ಯಪ್‌ಗೆ ಏನು ಕೊಟ್ಟಿದ್ದೀರೆಂದು ಪಟ್ಟಿಯಾಗಿ ಬರುತ್ತದೆ. ಕಾಂಟ್ಯಾಕ್ಟ್ಸ್, ಫೋಟೋ, ಮೈಕ್, ಲೊಕೇಶನ್ ಈ ನಾಲ್ಕನ್ನು ನೋಡಿ, ಅಗತ್ಯವಿಲ್ಲದ್ದನ್ನು ತೆಗೆಯಿರಿ. ಆಂಡ್ರಾಯ್ಡ್ 12 ಅಥವಾ ನಂತರದ್ದಾದರೆ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಕ್ಯಾಮೆರಾ, ಮೈಕ್ ಮುಟ್ಟಿತೆಂಬುದೂ ಅಲ್ಲೇ ಕಾಣುತ್ತದೆ. ಆಳುಗಳ ಕಾರ್ಡುಗಳನ್ನು ಆಫೀಸಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ ಒಂದು ಫೋಲ್ಡರಿಗೆ ಸಾಗಿಸಿ, ಫೋನಿನಿಂದ ಅಳಿಸಿ. ಹೋದವರದ್ದನ್ನು ಇಡಬೇಕೋ ಬೇಡವೋ ಎಂಬುದನ್ನು ಪಿಎಫ್ ನೋಡುವವರನ್ನು ಕೇಳಿ.

ಅಕ್ಕನಿಗೆ ಒಂದು ಎಚ್ಚರಿಕೆ. ವಾಟ್ಸ್‌ಆ್ಯಪ್ ಮೆಸೇಜು ದಾರಿಯಲ್ಲಿ ಯಾರಿಗೂ ಓದಲು ಬಾರದಂತೆ 2016ರಿಂದ ಎನ್‌ಕ್ರಿಪ್ಟ್ ಆಗಿ ಬರುತ್ತದೆ, ಅದು ನಿಜವಾದ ರಕ್ಷಣೆ. ಆದರೆ ನಿಮ್ಮ ಗ್ಯಾಲರಿಗೆ ಇಳಿದ ಮೇಲೆ ಆ ರಕ್ಷಣೆ ಮುಗಿಯಿತು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಹೊಸ ಫೋಟೋಗಳು ಗ್ಯಾಲರಿಯಲ್ಲಿ ಕಾಣಿಸುವುದು ನಿಲ್ಲುತ್ತದೆ. ಚಾಟ್ ಬ್ಯಾಕಪ್‌ಗೂ ಬೇರೆಯಾಗಿ ಎನ್‌ಕ್ರಿಪ್ಷನ್ ಆನ್ ಮಾಡಬೇಕು. ಅದರ ಪಾಸ್‌ವರ್ಡ್ ಮರೆತರೆ ಯಾರಿಂದಲೂ ಮರಳಿ ಪಡೆಯಲಾಗದು, ನನ್ನ ಅಂಗಡಿಗೆ ಬಂದರೂ ಪ್ರಯೋಜನವಿಲ್ಲ, ಆದ್ದರಿಂದ ಪುಸ್ತಕದಲ್ಲಿ ಬರೆದಿಡಿ.

ಮಕ್ಕಂದೂರು, ಹೋಂಸ್ಟೇ ನಡೆಸುವವಳು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಳೆಗೆ ಕರೆಂಟು ಹೋಗುವ ಮೊದಲು ಮಗಳೂ ನಾನೂ ಕುಳಿತು ಒಂದೊಂದೇ ಕಾರ್ಡನ್ನು ಆರಿಸಿ ಅಳಿಸಿದೆವು, 431 ಇದ್ದವು. ಆಮೇಲೆ ಗೊತ್ತಾಯಿತು, ಬ್ಯಾಕಪ್ ಆದ ಫೋಟೋಗಳು ಅಳಿಸಿದ ನಂತರವೂ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತವೆ. ಅದನ್ನೂ ಖಾಲಿ ಮಾಡಿದೆವು. ಟಿವಿಗೆ ಬೇರೆ ಖಾತೆ ಹಾಕಿದ್ದೇವೆ.

ಹಳೆಯ ಚಾಟ್‌ಗಳಲ್ಲಿ ಇನ್ನೂ ಕಾರ್ಡುಗಳಿವೆ, ಅವನ್ನು ವಾರಕ್ಕೆ ಇಷ್ಟೆಂದು ತೆಗೆಯುತ್ತಿದ್ದೇನೆ. ಹಜಾರದ ಮೇಜಿನ ಮೇಲೆ ಒಂದು ಉದ್ದ ರಿಜಿಸ್ಟರ್ ತಂದಿಟ್ಟಿದ್ದೇನೆ: ಹೆಸರು, ಊರು, ಫೋನ್, ತೋರಿಸಿದ ಗುರುತಿನ ಚೀಟಿ ಯಾವುದು, ಅದರ ಕೊನೆಯ ನಾಲ್ಕು ಅಂಕಿ. ಹಿಂದಿನ ಅತಿಥಿಗಳ ವಿವರ ಮುಂದಿನವರಿಗೆ ಕಾಣದಂತೆ ಪ್ರತಿ ಪುಟಕ್ಕೂ ಒಂದು ರಟ್ಟು ಮುಚ್ಚುತ್ತೇನೆ. ಮೈಸೂರಿನ ಆ ತಾಯಿಗೆ ನಿನ್ನೆ ಫೋನ್ ಮಾಡಿ, ನಿಮ್ಮ ಹಳೆಯ ಫೋಟೋ ಮೂರು ವರ್ಷ ನನ್ನ ಬಳಿ ಇತ್ತು, ಈಗ ಅಳಿಸಿದ್ದೇನೆ, ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಸೂರಿನಲ್ಲಿ ತಮ್ಮ ಮನೆಯ ಮಹಡಿ ಬಾಡಿಗೆಗೆ ಕೊಟ್ಟಿರುವುದಾಗಿಯೂ, ಹೋದ ಬಾಡಿಗೆದಾರರ ಕಾರ್ಡುಗಳೆಲ್ಲ ತಮ್ಮ ಯಜಮಾನರ ಫೋನಿನಲ್ಲಿರುವುದಾಗಿಯೂ ಹೇಳಿ, ಕಸದ ಬುಟ್ಟಿ ಎಲ್ಲಿರುತ್ತದೆಂದು ಕೇಳಿದರು.